ಮುನ್ನಿಯ ಪಾಲಿನ ಬಿರಿಯಾನಿ

ಹೋದ ಗುರುವಾರ ಬೆಳಗಿನ ಜಾವ ಜೈಬುನ್ನೀಸಾ ತೀರಿಕೊಂಡಳು. ಎದುರು ಮನೆಯ ಅಹಲ್ಯಾಬಾಯಿಗೆ ಸುದ್ದಿಯನ್ನು ಯಾರೂ ಹೇಳಬೇಕಾಗಲಿಲ್ಲ. ಬಾಗಿಲು ತೆರೆದಿಲ್ಲ ಎಂಬುದನ್ನು ಮೊದಲು ಕಂಡವರೇ ಅವರು.

ಜೈಬುನ್ನೀಸಾ ಹುಟ್ಟಿದ್ದು ದೇವದುರ್ಗದಲ್ಲಿ, ಕೊಟ್ಟಿದ್ದು ಮಾನ್ವಿಗೆ. ಗಂಡ ಹೋದ ಮೇಲೆ ಒಂದು ಹೊಲಿಗೆ ಮಷೀನು, ಎರಡು ಬೆಕ್ಕಿನ ಮರಿ ಕಟ್ಟಿಕೊಂಡು ರಾಯಚೂರಿಗೆ ಬಂದು, ಈ ಓಣಿಯಲ್ಲಿ ಕುಪ್ಪಸ ಹೊಲಿಯುತ್ತ ಬದುಕಿದಳು. ಅಹಲ್ಯಾಬಾಯಿ ನಿವೃತ್ತ ಶಿಕ್ಷಕಿ, ಮಡಿವಂತರ ಮನೆಯವರು. ಉಳ್ಳಾಗಡ್ಡಿ ಅವರ ಹೊಸ್ತಿಲು ದಾಟಿದ್ದೇ ಇಲ್ಲ. ಬಿಸಿಲೇರಿದರೆ ಜೈಬುನ್ನೀಸಾಳ ಬೆಕ್ಕುಗಳು ಶೇರ್ಯಾ, ಮುನ್ನಿ ಎರಡೂ ಅವರ ಕಟ್ಟೆಯ ನೆರಳಿಗೆ ಬರುತ್ತಿದ್ದವು. ಬೆಕ್ಕು ಹುಡುಕಿಕೊಂಡು ಬಂದವಳು ಮಾತಿಗೆ ಕೂತಳು. ಗೆಳೆತನ ಹುಟ್ಟಿದ್ದು ಹಾಗೆ.

ಪೀರರ ಹೆಸರಿನ ಗ್ಯಾರವಿ ತಿಂಗಳಲ್ಲಿ ದಿನವೂ ಓಣಿಯ ಒಂದಲ್ಲ ಒಂದು ಮನೆಯಲ್ಲಿ ನಿಯಾಜಿನ ಊಟ. ಫಾತಿಹಾ ಓದಿ ಹಂಚಿದ ಬಿರಿಯಾನಿಯಲ್ಲಿ ಬೆಕ್ಕಿಗೂ ಒಂದು ಪಾಲು ಕೊಟ್ಟರೆ ಪುಣ್ಯವೆಂದು ಜನ ಇವಳ ಬಾಗಿಲಿಗೆ ತಟ್ಟೆ ತರುತ್ತಿದ್ದರು. ಎರಡು ವರ್ಷದ ಹಿಂದೆ ಹಾಗೆ ತಿಂದು ತಿಂದು ಶೇರ್ಯಾ ಬಾಡಿತು. ವಸಡು ಬಿಳಿಚಿತು, ಉಚ್ಚೆ ಕಪ್ಪು ಚಹಾದಂತಾಯಿತು.

"ಬಿರಿಯಾನ್ಯಾಗಿನ ಉಳ್ಳಾಗಡ್ಡಿ ಬೆಕ್ಕಿನ ರಕ್ತಾನ ಒಡಿತದವಾ," ಎಂದರು ದನದ ದವಾಖಾನೆಯ ಡಾಕ್ಟರು. "ಕುದಿಸಿದ್ರೂ ಅಷ್ಟ, ತೊಳದು ಹಾಕಿದ್ರೂ ಅಷ್ಟ."

ಶೇರ್ಯಾ ಅವಳ ಮಡಿಲಲ್ಲೇ ಸತ್ತಿತು.

ಅಂದಿನಿಂದ ಮುನ್ನಿಯನ್ನು ಉಳಿಸಿಕೊಳ್ಳುವುದೇ ಅವಳ ಬದುಕಾಯಿತು. ಮನೆಮನೆಗೆ ಹೋಗಿ ಹೇಳಿದಳು. ಜನ ತಲೆಯಾಡಿಸಿದರು, ಮತ್ತೆ ತಟ್ಟೆ ತಂದರು. ನಿಯಾಜಿನ ಅನ್ನವನ್ನು ಬೇಡ ಎನ್ನುವಂತಿಲ್ಲ, ತಿಪ್ಪೆಗೆ ಚೆಲ್ಲುವಂತಿಲ್ಲ. ಬೇರೆಯವರಿಗೆ ಕೊಡೋಣವೆಂದರೆ ಎಲ್ಲರ ಮನೆಯಲ್ಲೂ ಅದೇ ಅನ್ನ. ಮುನ್ನಿಯ ಪಾಲನ್ನು ತಾನೇ ತಿನ್ನತೊಡಗಿದಳು. ಅವಳ ಕಿಡ್ನಿ ಆಗಲೇ ಸೋತಿತ್ತು. ಉಪ್ಪು, ಮಾಂಸ ಮುಟ್ಟಬಾರದೆಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು.

"ಸಾಯ್ತೀ ಬೇ ಜೈಬೂ. ದೇವಸುಗೂರಿಗೆ ಹೋಗಿ ಈ ಅನ್ನ ಹೊಳ್ಯಾಗ ಬಿಟ್ಟು ಬರೂಣು ನಡಿ," ಎಂದರು ಅಹಲ್ಯಾಬಾಯಿ ಒಮ್ಮೆ.

"ಒಂದ್ ತಾಟ್ ಅನ್ನಕ್ಕ ಇಬ್ಬರು ಮುದುಕೇರು ಬಸ್ ಹತ್ತಬೇಕೇನ್ರಿ ಅಕ್ಕೋರ? ಆ ಮೀನಿಗೂ ಉಳ್ಳಾಗಡ್ಡಿ ಆಗಿಬರದಿದ್ರ?" ಎಂದು ನಕ್ಕು ತಟ್ಟೆ ಮುಂದೆ ಹಿಡಿದಳು. "ಇಲ್ಲಾಂದ್ರ ಅರ್ಧಾ ನೀವ ತಿನ್ರಿ. ಪಾಪ ಬಂದ್ರ ನನಗ ಇರಲಿ."

ಅದು ತಮಾಷೆಯೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಚಾಚಿದ ತಟ್ಟೆ ಈಗ ಅಹಲ್ಯಾಬಾಯಿಯ ಕಣ್ಣೆದುರಿನಿಂದ ಸರಿಯುವುದಿಲ್ಲ.

ಶನಿವಾರ ಅವಳ ಮೂರನೇ ದಿನದ ಜಿಯಾರತ್ ಮುಗಿಯಿತು. ಅನಾಥವಾದ ಬೆಕ್ಕಿಗೆ ಇರಲೆಂದು ಓಣಿಯವರು ಬೀಗ ಹಾಕಿದ ಬಾಗಿಲ ಮುಂದೆ ಬಿರಿಯಾನಿ ಸುರಿದು ಹೋದರು. ಪ್ರೀತಿಯಿಂದಲೇ ಸುರಿದರು. ಅಹಲ್ಯಾಬಾಯಿ ನೋಡುವಷ್ಟರಲ್ಲಿ ನೆಲ ಬರಿದಾಗಿತ್ತು. ಈಗ ಮುನ್ನಿ ಅವರ ಕಟ್ಟೆಯ ಮೇಲೆ ಮಲಗಿದೆ, ಕರೆದರೆ ಕಿವಿಯಷ್ಟೇ ಅಲುಗುತ್ತದೆ. ವಸಡು ಸುಣ್ಣದಂತಿದೆ. ಡಾಕ್ಟರು ಏನೂ ಭರವಸೆ ಕೊಟ್ಟಿಲ್ಲ.

ಅವಳು ಸಾಯುವ ಹಿಂದಿನ ದಿನ, ಬುಧವಾರ ಸಂಜೆಯೂ ಒಂದು ತಟ್ಟೆ ಬಂದಿತ್ತು. ಬಾತ ಕಾಲು ಚಾಚಿ ಹೊಸ್ತಿಲ ಮೇಲೆ ಕೂತು, ಮುನ್ನಿಯನ್ನು ಮೊಣಕೈಯಿಂದ ದೂರ ತಳ್ಳುತ್ತ, ಜೈಬುನ್ನೀಸಾ ನಿಧಾನವಾಗಿ ತಿಂದಳು. ಎಲುಬುಗಳನ್ನು ಚೀಲದಲ್ಲಿ ಹಾಕಿ ಗಂಟು ಕಟ್ಟಿದಳು. ಕೊನೆಯ ಅಗುಳನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡಳು. ತಟ್ಟೆ ತೊಳೆದಳು. ಮೂಸಿ ನೋಡಿ, ಮತ್ತೊಮ್ಮೆ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದಳು.