ಅಂಗೈ ಇಳಿದಷ್ಟು ದನಿ

ಹೆಡ್‌ಫೋನಿನ ಮೆತ್ತೆಯ ಸಿಪ್ಪೆ ಏಳತೊಡಗಿತ್ತು. ಬಿಸಾಡುವ ಮುನ್ನ ಅದನ್ನು ಮೂಗಿನ ಬಳಿ ಯಾಕೆ ತಂದೆನೋ ತಿಳಿಯದು. ಕೊಬ್ಬರಿ ಎಣ್ಣೆಯ ಕಮಟು ವಾಸನೆ ಇನ್ನೂ ಉಳಿದಿತ್ತು... ನಮ್ಮ ಮನೆಯಲ್ಲಿ ಯಾರೂ ತಲೆಗೆ ಎಣ್ಣೆ ಹಚ್ಚುವವರಿಲ್ಲ. ಅದು ಪಕ್ಕದ ಮನೆಯ ಅಕ್ಕನದು.

ಅಕ್ಕ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವರು. ತುಮಕೂರಿನ ನಮ್ಮ ವಠಾರದಲ್ಲಿದ್ದುಕೊಂಡು, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತು ದುಡಿಯುತ್ತಿದ್ದರು. ಅವರು ಅಡುಗೆಮನೆಯಲ್ಲಿ ಆಡಿದ ಮಾತು ಬೀದಿಯ ತುದಿಗೆ ಕೇಳಿಸುತ್ತಿತ್ತು. ವಠಾರದವರು ಅವರಿಗೆ ‘ಮೈಕು’ ಎಂದು ಹೆಸರಿಟ್ಟಿದ್ದರು. “ಹೊಲದಾಗೆ ಕೂಗಿ ಕೂಗಿ ಬೆಳ್ದವ್ರು, ಬುಡು,” ಎಂದು ಮನೆ ಮಾಲೀಕರ ಹೆಂಡತಿ ತೀರ್ಪು ಕೊಟ್ಟಿದ್ದರು. ನಾವೆಲ್ಲ ನಗುತ್ತಿದ್ದೆವು. ವಿಶ್ವವಿದ್ಯಾಲಯದಲ್ಲಿ ಶ್ರಮ ಮತ್ತು ಶೋಷಣೆಯ ಬಗ್ಗೆ ಪ್ರಬಂಧ ಮಂಡಿಸುತ್ತಿದ್ದ ನಾನೂ ನಗುತ್ತಿದ್ದೆ.

ಒಂದು ಭಾನುವಾರ ಅಕ್ಕ ಫೋನು ಹಿಡಿದು ಬಂದರು. ಪ್ರೆಸ್ಸಿನ ಸದ್ದಿಗೆ ಅವರ ಕಿವಿ ಮಂದವಾಗಿತ್ತೆಂದು ನನಗೆ ತಿಳಿದದ್ದೇ ಅಂದು. ತಮ್ಮ ದನಿಯೇ ತಮಗೆ ಕೇಳಿಸದೆ ಅವರು ಅಷ್ಟು ಕೂಗುತ್ತಿದ್ದರು. ಕಿವಿಯ ರಕ್ಷಣೆಗೆಂದು ಕಾರ್ಖಾನೆ ಕೊಟ್ಟದ್ದು ಒಂದು ಹಿಡಿ ಹತ್ತಿ. ಕಿವಿ ಪರೀಕ್ಷೆ ಮಾಡಿಸಿ, ಪ್ಯಾಕಿಂಗ್ ವಿಭಾಗಕ್ಕೆ ಹಾಕಿ ಎಂದು ಅವರು ಅಲ್ಲಿನ ಅಧಿಕಾರಿಯನ್ನು ಬೇಡಿದ್ದರು. ಏನಿದ್ದರೂ ವಾಯ್ಸ್ ಮೆಸೇಜ್ ಕಳಿಸು ಎಂದಿದ್ದನಂತೆ ಆತ. ಕಳಿಸಿದರೆ, ಒಂದಕ್ಷರವೂ ತಿಳಿಯುವುದಿಲ್ಲ ಎಂಬ ಉತ್ತರ.

“ಬರೀ ಗರಗರ ಅಂತೈತಂತೆ ಮಗಾ. ಆಫೀಸ್ನಾಗೆ ಹಾಕ್ಕಂಡು ಎಲ್ರೂ ನಗ್ತವ್ರಂತೆ, ನಾಚ್ಕೆ ಆಯ್ತದೆ. ನೀನು ಕಂಪ್ಯೂಟ್ರಾಗೆ ರೆಕಾರ್ಡ್ ಮಾಡ್ತೀಯಲ್ಲ, ನನ್ ಗಂಟ್ಲು ಒಸಿ ನೆಟ್ಗೆ ಮಾಡ್ಕೊಡು.”

ಮೈಕಿನ ಮುಂದೆ ಅವರು ಬಾಯಿ ತೆರೆದೊಡನೆ ಪರದೆಯಲ್ಲಿ ದನಿಯ ಮಟ್ಟ ತೋರಿಸುವ ಪಟ್ಟಿ ಕೆಂಪಾಯಿತು. ದನಿ ಒಡೆದು, ತಗಡು ಹರಿದಂತೆ ಕೇಳಿಸಿತು. ಮೈಕಿನ ಮಟ್ಟ ಇಳಿಸಿದೆ, ಮೈಕನ್ನು ದೂರ ಸರಿಸಿದೆ, ಆದರೂ ಒಡೆಯಿತು. “ಮೆಲ್ಲಗೆ, ಅಕ್ಕ” ಎಂದದ್ದು ಅವರಿಗೆ ಕೇಳಿಸಲಿಲ್ಲ. ಕೊನೆಗೆ ಅಂಗೈ ಎತ್ತಿ ನಿಧಾನವಾಗಿ ಕೆಳಗಿಳಿಸಿ ತೋರಿಸಿದೆ. ತಕ್ಷಣ ಅರ್ಥ ಮಾಡಿಕೊಂಡರು. ಕಣ್ಣು ನನ್ನ ಅಂಗೈಯ ಮೇಲೆ ನೆಟ್ಟು, ಅದು ಇಳಿದಷ್ಟು ದನಿಯನ್ನು ಇಳಿಸುತ್ತ ಹೋದರು. ದನಿ ಏರಿದಾಗಲೆಲ್ಲ ನಾನು ಅಂಗೈಯನ್ನು ಗಾಳಿಯಲ್ಲಿ ಒತ್ತುತ್ತಿದ್ದೆ... ದೇವರ ಮನೆಯಲ್ಲಿ ಮಾತಾಡುವವರಷ್ಟು ಮೆತ್ತಗಾದರು.

ಉಳಿದದ್ದನ್ನು ತಂತ್ರಾಂಶ ನೋಡಿಕೊಂಡಿತು. ಅಲ್ಲಲ್ಲಿ ಇನ್ನೂ ಒಡೆದು ಚಪ್ಪಟೆಯಾಗಿದ್ದ ದನಿಯ ಅಲೆಗಳ ತುದಿಯನ್ನು ತಾನೇ ಊಹಿಸಿ ದುಂಡಾಗಿಸಿತು, ಫ್ಯಾನಿನ ಸದ್ದನ್ನು ಒರೆಸಿತು. ಹೆಡ್‌ಫೋನು ಹಾಕಿಕೊಂಡ ಅಕ್ಕ, ಏನೂ ಕೇಳಿಸದಿದ್ದರೂ ತಲೆದೂಗಿದರು. “ಚೆಂದಾಗ್ ಬಂತಾ?” ನಾನು ಹೆಬ್ಬೆರಳೆತ್ತಿದೆ. ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆಯಿತ್ತು.

ಅದನ್ನು ಕಳಿಸಿದ ಮೇಲೆ ಅಧಿಕಾರಿಯ ಉತ್ತರವೂ ದನಿಯಲ್ಲೇ ಬಂತು. ಅಂಗಳದ ನಲ್ಲಿಯ ಬಳಿ ಅಕ್ಕ ಫೋನನ್ನು ನನ್ನ ಕಿವಿಗಿಟ್ಟರು. “ಇಷ್ಟು ನಯವಾಗಿ ಮಾತಾಡೋಳಿಗೆ ಕಿವಿ ಕೇಳಲ್ವಾ? ನಾಟಕ ಬೇಡ ಕಣಮ್ಮ. ನಾಳೆಯಿಂದ ಪ್ರೆಸ್ಸಿಗೇ ಬಾ.”

“ಏನಂದ್ರು?” ಎಂದರು ಅಕ್ಕ.

ಅದನ್ನು ಅವರಿಗೆ ಮುಟ್ಟಿಸಲು ನಾನು ಕೂಗಬೇಕಾಯಿತು. ನೀರಿಗೆ ನಿಂತವರೆಲ್ಲ ಕೇಳಿಸಿಕೊಂಡರು. “ಮೈಕಿಗೇ ಮೈಕು ಹಾಕವ್ಳೆ!” ಎಂದು ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಅವರತ್ತ ತಿರುಗಲಿಲ್ಲ. “ನಿನ್ ಕೈ ನೋಡ್ಕಂಡೇ ಮಾತಾಡ್ದೆ ಅಲ್ವೇನವ್ವ...” ಎಂದರು. ಅದು ದೂರುವ ಮಾತಾಗಿರಲಿಲ್ಲ. ತಾವೇ ಎಲ್ಲೋ ತಪ್ಪಿದೆವೇನೋ ಎಂದು ವಿಚಾರಿಸುವ ದನಿ ಅದು.

ಒಡೆದ ಮೂಲ ಧ್ವನಿಯನ್ನು ಹಿಡಿದು ನಾನು ಕಾರ್ಖಾನೆಗೆ ಹೋದೆ. “ಸಾಯೇಬ್ರು ರೌಂಡ್ಸ್‌ನಾಗವ್ರೆ” ಎಂದು ಗೇಟಿನಿಂದಲೇ ಕಳಿಸಿದರು. ಮತ್ತೆ ಹೋದಾಗಲೂ ಅದೇ ರೌಂಡ್ಸು. ಹತ್ತಿಯೇ ಸಾಕೆಂದು ನಿರ್ಧರಿಸಿದವರು ಯಾರು? ದನಿಯ ನಯ ನೋಡಿ ಕಿವಿಯನ್ನು ಅಳೆಯುವ ಅಧಿಕಾರವನ್ನು ಆತನಿಗೆ ಕೊಟ್ಟವರು ಯಾರು? ಒಬ್ಬ ಹೆಂಗಸಿನ ಕಿವಿಯನ್ನು ಕಿತ್ತುಕೊಂಡವರಿಗೆ ಆಗಬೇಕಿದ್ದ ನಾಚಿಕೆಯನ್ನು ಆ ಹೆಂಗಸಿನ ಗಂಟಲಿಗೇ ಕಟ್ಟಿದ್ದು ಹೇಗೆ? ಉತ್ತರ ಸಿಗುವವರೆಗೆ ಕೇಳುತ್ತೇನೆ. ಆದರೆ ಕೇಳುವಾಗಲೆಲ್ಲ ನನ್ನದೇ ಅಂಗೈ ಕಣ್ಣಿಗೆ ಬೀಳುತ್ತದೆ.

ಅಕ್ಕ ಕೆಲಸ ಬಿಟ್ಟು ಕುಣಿಗಲ್ಲಿನ ತಂಗಿಯ ಮನೆಗೆ ಹೋದರು. ನೋಡಲು ಹೋದಾಗ ತಂಗಿ ಸಂತೋಷದಿಂದ ಹೇಳಿದರು: “ಈಗ ಸರೋಗವ್ಳೆ ನೋಡಿ, ಮನೇಲಿ ಅವ್ಳ ಸದ್ದೇ ಇಲ್ಲ.” ಅಕ್ಕ ನನ್ನೊಡನೆ ಏನೋ ಮಾತಾಡಿದರು. ತುಟಿ ಅಲುಗುತ್ತಿತ್ತು, ಎಷ್ಟು ಬಾಗಿದರೂ ಒಂದು ಪದವೂ ಕೇಳಿಸಲಿಲ್ಲ. ಅವರ ಕಣ್ಣು ನನ್ನ ಕೈಗಳ ಮೇಲಿತ್ತು. ನಾನು ಕೈಗಳನ್ನು ದುಪಟ್ಟದೊಳಗೆ ಮುಚ್ಚಿಟ್ಟುಕೊಂಡೆ...

ಇಂದು ಮೆತ್ತೆಯನ್ನು ಬಿಸಾಡಲಾಗದೆ ಕಂಪ್ಯೂಟರ್ ತೆರೆದೆ. ಸರಿಪಡಿಸಿದ ಧ್ವನಿಯಲ್ಲಿ ಮಾತಾಡುವುದು ಯಾರೋ ಬೇರೆ ಹೆಂಗಸು. ಮೊದಲಿನದನ್ನು ಸ್ಪೀಕರಿಗೆ ಹಾಕಿದೆ. ಒಡೆದ, ಗರಗರ ಎನ್ನುವ ಆ ದನಿ ಕೋಣೆ ತುಂಬಿ ಅಂಗಳಕ್ಕೆ ನುಗ್ಗಿತು. ಈಗ ಎಲ್ಲಿಯೂ ಇಲ್ಲದ ದನಿ ಅದು.

“ಏನಮ್ಮಾ ಅದು, ಸೌಂಡ್ ಕಮ್ಮಿ ಮಾಡು!” ಹೊರಗಿನಿಂದ ಮಾಲೀಕರ ಹೆಂಡತಿ ಕೂಗಿದರು.

ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಮೇಲೆದ್ದಿತ್ತು. ಅಂಗೈ ಕೆಳಮುಖವಾಗಿ, ಪರದೆಯ ಎದುರು, ನಿಧಾನವಾಗಿ ಇಳಿಯುತ್ತಿತ್ತು. ದನಿ ಇಳಿಯಲಿಲ್ಲ.