ರಮೀಝ್‌ನ ಹಸಿರು ಸಾಲು

ತೋಡಾರಿನ ರಮೀಝ್ ಸೋಮಾರಿಯಲ್ಲ, ಫೋನಿಗೆ ಹೆದರುವ ಮನುಷ್ಯ ಅಷ್ಟೆ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯ ಹನ್ನೊಂದು ಕ್ಲಿನಿಕ್‌ಗಳ ಕಂಪ್ಯೂಟರ್ ನೋಡಿಕೊಳ್ಳುವ ಅವನ ಅರ್ಧ ಆಯುಷ್ಯ ಬೈಕಿನ ಮೇಲೆಯೇ ಕಳೆದಿತ್ತು. ಇಂಜೆಕ್ಷನ್ನಿನ ದಿನವನ್ನು ರೋಗಿಗಳ ಮೊಬೈಲಿಗೆ ನೆನಪಿಸುವ ಪ್ರೋಗ್ರಾಂ ಒಂದನ್ನು ಅವನೇ ಬರೆದಿದ್ದ. ಅದನ್ನು ಕಂಪ್ಯೂಟರಿಗೆ ಹಾಕಲು ಒಂದು ಸ್ಕ್ರಿಪ್ಟ್ ಇತ್ತು. ಒಮ್ಮೆ ಒತ್ತಿದರೆ ಫೈಲುಗಳನ್ನೆಲ್ಲ ಅದೇ ಆಯಾ ಜಾಗಕ್ಕೆ ಸೇರಿಸುತ್ತಿತ್ತು.

ಮೊದಮೊದಲು ಎಲ್ಲಾದರೂ ಎಡವಿದರೆ ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತಿತ್ತು. ಕೆಂಪು ಕಂಡದ್ದೇ ತಡ, ಕ್ಲಿನಿಕ್‌ನವರ ಫೋನು. ಊಟಕ್ಕೆ ಕೂತರೂ ಫೋನು, ಜುಮಾ ನಮಾಜಿಗೆ ಹೊರಟರೂ ಫೋನು. ರೋಸಿಹೋದ ರಮೀಝ್ ಕೆಂಪು ಅಕ್ಷರಗಳ ಬಾಯಿ ಮುಚ್ಚಿಸಿಬಿಟ್ಟ. ಒಳಗೆ ಏನೇ ಆಗಲಿ, ಕೊನೆಗೆ ಹಸಿರಿನಲ್ಲಿ ‘ಎಲ್ಲ ಸರಿಯಾಗಿದೆ’ ಎಂದು ಬರುವಂತೆ ಮಾಡಿದ. ಫೋನುಗಳು ನಿಂತವು.

ಲಾಯಿಲದ ಕ್ಲಿನಿಕ್‌ನ ನರ್ಸ್ ಹರಿಣಾಕ್ಷಿಗೆ ಕನ್ನಡದ ಅಭಿಮಾನ. ಹೊಸ ಕಂಪ್ಯೂಟರ್ ಬಂದಾಗ ಬಳಕೆದಾರರ ಹೆಸರನ್ನು ಅವಳು ಕನ್ನಡದಲ್ಲೇ ಹೊಡೆದಿದ್ದಳು. ಫೋಲ್ಡರಿಗೂ ಅದೇ ಹೆಸರು ಬಿತ್ತು. ರಮೀಝ್‌ನ ಸ್ಕ್ರಿಪ್ಟಿಗೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ. ಅದಕ್ಕೆ ಆ ಫೋಲ್ಡರೇ ಸಿಗಲಿಲ್ಲ, ನೆನಪಿಸುವ ಫೈಲು ಎಲ್ಲೂ ಸೇರಲಿಲ್ಲ. ಆದರೂ ಹಸಿರು ಸಾಲು ಬಂತು. ಒಂದು ಮೆಸೇಜ್ ಕಳಿಸಿ ನೋಡುವ ವ್ಯವಧಾನವೂ ಇಲ್ಲದೆ ರಮೀಝ್ ಚಹಾ ಕುಡಿದು ಬೈಕ್ ಹತ್ತಿದ.

ಕಕ್ಕಿಂಜೆಯಲ್ಲಿ ಬೀಡಿ ಕಟ್ಟುವ ವಾರಿಜಾಕ್ಷಿ ಮಗಳು ಮೋಕ್ಷಿತಾಳನ್ನು ಮೂರು ವಾರಕ್ಕೊಮ್ಮೆ ಆ ಕ್ಲಿನಿಕ್‌ಗೆ ಕರೆತರುತ್ತಿದ್ದಳು. ಗಂಟಲು ನೋವಿನಿಂದ ಶುರುವಾದ ಜ್ವರ ಹುಡುಗಿಯ ಹೃದಯವನ್ನು ಮುಟ್ಟಿತ್ತು. ಅದು ಮರುಕಳಿಸದಿರಲು ಇಂಜೆಕ್ಷನ್ ತಪ್ಪಿಸುವಂತಿರಲಿಲ್ಲ. ವಾರಿಜಾಕ್ಷಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಒಂದು ಸಲವೂ ತಪ್ಪಿಸಿರಲಿಲ್ಲ.

“ಇನ್ನು ಗುರುತು ಹಾಕುದೆಲ್ಲ ಬೇಡ ವಾರಿಜಕ್ಕ. ಮೆಸೇಜ್ ಬರ್ತದೆ, ಬಂದ ಮೇಲೆ ಬನ್ನಿ, ಸಾಕು” ಎಂದಳು ಹರಿಣಾಕ್ಷಿ.

ಮೆಸೇಜ್ ಬರಲೇ ಇಲ್ಲ. ಉಳಿದ ರೋಗಿಗಳು ಹಳೆಯ ಚೀಟಿ ನೋಡಿಕೊಂಡು ಬಂದರು, ಹಾಗಾಗಿ ಮೆಸೇಜ್ ಹೋಗುತ್ತಿಲ್ಲವೆಂದು ಹರಿಣಾಕ್ಷಿಗೆ ತಿಳಿಯಲಿಲ್ಲ. ವಾರಿಜಾಕ್ಷಿ ಮಾತ್ರ ಹೇಳಿದ್ದನ್ನು ಹೇಳಿದಂತೆ ಕೇಳುವವಳು. ಡಾಕ್ಟರೇ ಸಾಕು ಅಂದಿರಬೇಕು ಎಂದುಕೊಂಡಳು. ನಾಲ್ಕು ತಿಂಗಳಿಗೆ ಜ್ವರ ತಿರುಗಿ ಬಂತು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು ಎಂದರು ಮಂಗಳೂರಿನ ಡಾಕ್ಟರು. ತಾಯಿಯಾದವಳಿಗೆ ಇಷ್ಟೂ ನೆನಪಿರುವುದಿಲ್ಲವೇ ಎಂದು ಮಗಳೆದುರೇ ಬೈದರು. ಅಂದಿನಿಂದ ಮೋಕ್ಷಿತಾ ತಾಯಿಯೊಂದಿಗೆ ಮಾತು ಬಿಟ್ಟಳು.

ಸುದ್ದಿ ತಿಳಿದ ಹರಿಣಾಕ್ಷಿ, ಮೆಸೇಜ್ ಹೋಗಿತ್ತೇ ಎಂಬ ಸಂಶಯದಿಂದ ರಮೀಝ್‌ನನ್ನು ಕರೆಸಿದಳು. ಕಂಪ್ಯೂಟರಿನ ಮುಂದೆ ಕೂತ ಹತ್ತೇ ನಿಮಿಷದಲ್ಲಿ ಅವನಿಗೆ ಎಲ್ಲ ತಿಳಿಯಿತು. “ನೆಟ್‌ವರ್ಕಿನ ತೊಂದರೆ ಸಿಸ್ಟರ್” ಎಂದು ಸುಳ್ಳು ಹೇಳಿ, ಸದ್ದಿಲ್ಲದೆ ಸರಿಮಾಡಿ ಎದ್ದುಬಂದ. ನಿಜ ಹೇಳಿದರೆ ಹನ್ನೊಂದು ಕ್ಲಿನಿಕ್‌ಗಳೂ ಕೈತಪ್ಪುತ್ತವೆ ಎಂಬ ಹೆದರಿಕೆ. ತಾಯಿ ಮಗಳು ಮಾತು ಬಿಟ್ಟ ವಿಷಯ ಹರಿಣಾಕ್ಷಿಯ ಬಾಯಿಂದ ಕೇಳಿದ ಮೇಲೆ ಮಾತ್ರ ತಡೆಯಲಾಗದೆ ಕಕ್ಕಿಂಜೆಗೆ ಹೊರಟ.

ವಾರಿಜಾಕ್ಷಿ ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ರಮೀಝ್ ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿದ. ಮೋಕ್ಷಿತಾ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

“ಹಾಗಾದ್ರೆ ಅಮ್ಮ ಮರೆತದ್ದಲ್ವಾ?”

“ಅಲ್ಲ ಮಗಾ. ತಪ್ಪು ನನ್ನದು.”

ವಾರಿಜಾಕ್ಷಿ ಕತ್ತರಿ ಕೆಳಗಿಟ್ಟಳು. “ನಿಮಗೆ ಯಾವಾಗ ಗೊತ್ತಾದದ್ದು?”

“ಹದಿನೆಂಟು ದಿನ ಆಯ್ತು ಅಕ್ಕ.”

“ಹದಿನೆಂಟು ದಿನ ಇವಳು ನನ್ನ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. ನಾಡಿದ್ದು ಆಪರೇಷನ್ ಉಂಟು. ಬದುಕಿ ಬರ್ತಾಳಾ ಇಲ್ವಾ ಅಂತ ಡಾಕ್ಟರಿಗೇ ಗೊತ್ತಿಲ್ಲ” ಎಂದಳು ವಾರಿಜಾಕ್ಷಿ. “ಆ ಹದಿನೆಂಟು ದಿನ ಆದ್ರೂ ನನಗೆ ಕೊಡಬಹುದಿತ್ತು ನೀವು.”