ಫ್ಯಾನಿಗೆ ಕಟ್ಟಿದ ಅರಿಶಿನದ ದಾರ

ಬೆಳಿಗ್ಗೆ ಸ್ಕೂಟರ್ ಒರೆಸುವಾಗ ಹ್ಯಾಂಡಲಿಗೆ ಕಟ್ಟಿದ್ದ ಅರಿಶಿನದ ದಾರ ಬೆರಳಿಗೆ ತೊಡರಿತು. ಆಯುಧಪೂಜೆಯಲ್ಲಿ ಕಟ್ಟಿದ್ದು, ಬಣ್ಣ ಬಿಟ್ಟು ನಾರಿನಂತಾಗಿದೆ. ಅದರ ತುದಿ ಬ್ರೇಕಿನ ಸಂದಿಗೆ ಸೇರುತ್ತಿತ್ತು. ಬಿಚ್ಚಿದರೆ ಏನಾಗುವುದೋ, ಬಿಚ್ಚದಿದ್ದರೆ ಏನಾಗುವುದೋ ಎಂದು ನಿಂತೇ ಇದ್ದೆ. ನಿಮಗೆ ಹೀಗೆಲ್ಲ ಆಗದಿರಬಹುದು. ನಾನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವ ಪೈಕಿ.

ಆಗ ನೆನಪಾದದ್ದು ಆವತಿಯ ಅಕ್ಕನ ಮನೆ. ಕೆಲವು ವರ್ಷಗಳ ಹಿಂದೆ ಭಾವ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯಲು ಡ್ರೋನ್ ತಂದಿದ್ದರು. ಅದರ ಒಂದೊಂದು ಜೋಡಿ ರೆಕ್ಕೆಯನ್ನೂ ಫ್ಯಾನು ಎನ್ನುತ್ತಿದ್ದರು. ವಿಮಾನ ನಿಲ್ದಾಣ ಹತ್ತಿರವಿದ್ದು, ತಲೆಯ ಮೇಲೆ ವಿಮಾನ ಹೋದರೂ ಕತ್ತೆತ್ತದ ಊರು ಇದನ್ನು ಮಾತ್ರ ನಿಂತು ನೋಡುತ್ತಿತ್ತು. ಆಗ ಅವರ ಮನೆಯಲ್ಲೇ ಇದ್ದ ನಾನೂ ನೋಡುತ್ತಿದ್ದೆ, ಹುಣಸೆಮರದ ಹಿಂದೆ ನಿಂತು.

ಆ ವರ್ಷ ಹಬ್ಬ ಕಳೆದ ಮೇಲೆ ಅದರ ದನಿ ಕೆಟ್ಟಿತು. ಗುಂಯ್ ಎನ್ನುತ್ತಿದ್ದದ್ದು ಕೀರಲಾಗಿ, ನಡುಗಿ, ಹಲ್ಲು ಜುಮ್ಮೆನ್ನಿಸತೊಡಗಿತು. ಗಾಳಿ ಏಳುವ ಮೊದಲೇ ಔಷಧಿ ಹೊಡೆಯಬೇಕು. ಹಾಲು ಕರೆಯುವ ಹೊತ್ತೂ ಅದೇ. ಈಚೆಗಷ್ಟೇ ಕರು ಹಾಕಿದ್ದ ಅಕ್ಕನ ಹಸು ಆ ದನಿಗೆ ಬೆದರಿ ಕೆಚ್ಚಲು ಮುಟ್ಟಿದರೆ ಒದೆಯತೊಡಗಿತು. ಕರುವನ್ನೂ ಹತ್ತಿರ ಸೇರಿಸಲಿಲ್ಲ.

ಅಕ್ಕ ಜಗಳವಾಡಲಿಲ್ಲ. ತೀರ್ಮಾನ ಹೇಳಿದಳು: “ಈ ಮನೇಲಿ ಹಸು ಇರ್ಬೇಕು, ಇಲ್ಲ ಅದಿರ್ಬೇಕು. ಭಾನುವಾರದೊಳಗೆ ಹೇಳ್ಬಿಡಿ.”

ಹಂದರದ ತಂತಿ ತಗುಲಿ ಅಂಚು ಮುಕ್ಕಾಗಿರಬೇಕೆಂದು ಭಾವ ಹೊಸ ರೆಕ್ಕೆಗಳನ್ನು ತರಿಸಿದರು, ಹಳೆಯವಕ್ಕಿಂತ ಅಗಲವಾದವು. ಅಗಲವಿದ್ದರೆ ನಿಧಾನ ತಿರುಗಿದರೂ ಸಾಕು, ಸದ್ದು ಕಡಿಮೆ ಎಂದರು. ಬಸ್ ಟಿಕೆಟ್ಟಿನಲ್ಲಿ ಗಾಳಿ ಬೀಸಿಕೊಳ್ಳುವುದನ್ನೂ ಮೊರದಲ್ಲಿ ಬೀಸಿಕೊಳ್ಳುವುದನ್ನೂ ನೆನೆದು ನನಗೂ ಸರಿಯೆನಿಸಿತು. ಹೊಸದೂ ಕಿರುಚಿತು, ಇನ್ನೂ ಜೋರಾಗಿ.

ಆ ದಿನ ನನ್ನ ಕುತೂಹಲ ಹೇಗೋ ಭಯವನ್ನು ಮೀರಿತು. ಮರದ ಹಿಂದಿನಿಂದ ಜಗಲಿಗೆ ಬಂದೆ. ಭಾವ ಒಂದು ಫ್ಯಾನು ಬಿಚ್ಚಿ ಅದರ ನಡುವಿನ ತೂತಿಗೆ ದಬ್ಬಳ ತೂರಿಸಿ ಹಿಡಿದರು. ಎರಡು ರೆಕ್ಕೆಯೂ ಸಮನಾಗಿ ನಿಲ್ಲಬೇಕು. ಒಂದು ಕಡೆ ಮೆಲ್ಲಗೆ ತಗ್ಗಿತು. ತಗ್ಗಿದ ಕಡೆ, ಸುತ್ತಿ ಸುತ್ತಿ ಬಿಗಿದ ಅರಿಶಿನದ ದಾರ.

ಎಲ್ಲರೂ ಅದನ್ನು ನೋಡಿಯೇ ಇದ್ದೆವು, ಆಯುಧಪೂಜೆಯಿಂದ ಹಳೆಯ ರೆಕ್ಕೆಗಳ ಮೇಲೂ. ಪೂಜೆಯದು ಕಣ್ಣಿಗೆ ಬಿದ್ದರೂ ಅನುಮಾನಕ್ಕೆ ಬೀಳುವುದಿಲ್ಲ. ನನಗಂತೂ ಅದು ಕಂಡರೇ ಧೈರ್ಯ ಬರುತ್ತಿತ್ತು.

“ಇವಕ್ಕೂ ಕಟ್ಬಿಟ್ಯಾ?” ಎಂದರು ಭಾವ, ಅಕ್ಕನ ಕಡೆ ತಿರುಗಿ.

“ಹೊಸ ಸಾಮಾನಿಗೆ ಕಟ್ದೇ ಇರ್ತಾರಾ?”

ಭಾರ ಒಂದೇ ಕಡೆಗಾದದ್ದಲ್ಲದೆ, ಗಾಳಿ ಜಾರಬೇಕಾದ ನುಣುಪು ಅಂಚಿಗೆ ದಾರದ ಏಣು ಎದ್ದಿತ್ತು. ಭಾವ ಹಳೆಯ ರೆಕ್ಕೆ ಎತ್ತಿಕೊಂಡು ಸ್ಕ್ರೂ ಕೂರುವ ಬುಡದಲ್ಲಿ ಉಗುರು ಆಡಿಸಿದರು. ಉಗುರು ಸಿಕ್ಕಿಕೊಂಡಿತು. ಅಷ್ಟು ದಿನದ ನಡುಕಕ್ಕೆ ಕೂದಲೆಳೆಯಂಥ ಬಿರುಕು. ಇನ್ನೊಂದು ಸಲ ಹಾರಿದ್ದರೆ ಮುರಿದು ಎತ್ತ ಸಿಡಿಯುತ್ತಿತ್ತೋ. ಕೊಟ್ಟಿಗೆ ಅಲ್ಲೇ ಇತ್ತು. ಅಕ್ಕ ಅದನ್ನು ತಾನೂ ಮುಟ್ಟಿ ನೋಡಿದಳು.

ಈಗ ದಾರ ಬಿಚ್ಚುವವರಾರು? ಭಾವ ಕತ್ತರಿಯನ್ನು ನನಗೆ ಕೊಟ್ಟರು. ನಾನು ಮರ್ಯಾದೆಯಿಂದ ಅವರಿಗೇ ಹಿಂದಿರುಗಿಸಿದೆ. ಕೊನೆಗೆ ಅಕ್ಕನೇ ಗಂಟುಗಳನ್ನು ಹಲ್ಲಿನಿಂದ ಬಿಡಿಸಿ, ದಾರವನ್ನೆಲ್ಲ ಡ್ರೋನಿನ ಕಾಲಿಗೆ ಕಟ್ಟಿದಳು.

“ದೇವ್ರಿಗೆ ರೆಕ್ಕೆ ಆದ್ರೇನು, ಕಾಲಾದ್ರೇನು. ನಾಳೆ ಹಾರ್ಸಿ, ನೋಡಾಣ.”

ಮರುದಿನ ಹಸು ಕಿವಿ ನಿಮಿರಿಸಿತು, ಅಷ್ಟೆ. ತೋಟದ ಕಡೆಯಿಂದ ಗುಂಯ್, ಕೊಟ್ಟಿಗೆಯ ಕಡೆಯಿಂದ ಬಕೇಟಿಗೆ ಬೀಳುವ ಹಾಲಿನ ಚರ್ ಚರ್. ನಾನು ಮತ್ತೆ ಹುಣಸೆಮರದ ಹಿಂದೆಯೇ ಇದ್ದೆ, ಎರಡೂ ಕೇಳುತ್ತ.

ಇವತ್ತು ಸ್ಕೂಟರಿನ ದಾರ ಬಿಚ್ಚಿದೆ. ಕನ್ನಡಿಯ ಕಡ್ಡಿಗೆ ಕಟ್ಟಿ ಎರಡು ಗಂಟು ಹಾಕಿದೆ. ಮೂರನೆಯದೂ ಇರಲಿ ಎನಿಸಿತು. ಬ್ರೇಕು ಒತ್ತಿ ನೋಡಿ, ಸುಮ್ಮನಾದೆ.